ಮಂಜೂರಾದ ವಾಕ್ಯ

ಅದೂ ಹೋಗಲಿಲ್ಲ. ‘ಒಲೆ ಹಚ್ಚಬೇಡಿ, ಗ್ಯಾಸ್ ಸೋರುತ್ತದೆ’ ಎಂದು ಬರೆದದ್ದು ಒಂದು ಫೋನನ್ನೂ ಮುಟ್ಟದೆ ಬಿದ್ದುಹೋಯಿತು.

ಅತುಲ ಕಂಪ್ಯೂಟರ್ ಪರದೆ ನೋಡುತ್ತ ಕೂತ. ಜಗತ್ ಸರ್ಕಲ್ಲಿನ ಈ ಒಲೆ ಅಂಗಡಿಯಿಂದ ಗ್ರಾಹಕರಿಗೆ ಹೋಗುವ ಪ್ರತಿ ಮೆಸೇಜೂ ಮೊದಲೇ ನೋಂದಣಿಯಾಗಿ ಮಂಜೂರಾಗಿರಬೇಕು. ಮಂಜೂರಾಗದ ವಾಕ್ಯವನ್ನು ಮೊಬೈಲ್ ಕಂಪನಿಯವರು ದಾರಿಯಲ್ಲೇ ತಡೆಯುತ್ತಾರೆ. ದೇಶಕ್ಕೆಲ್ಲ ಒಂದೇ ನಿಯಮ. ಮೋಸಗಾರರ ಕಾಟ ತಪ್ಪಿಸಲು ಮಾಡಿದ್ದು, ಒಳ್ಳೆಯದೇ. ಅತುಲನಿಗಂತೂ ಅದರ ಮೇಲೆ ಒಂಥರಾ ಪ್ರೀತಿ. ಎಂಬಿಎ ಓದಿದವನು ಇಲ್ಲಿ ಮಾಡುತ್ತಿದ್ದ ಕೆಲಸವೇ ಅದು: ವಾಕ್ಯ ಬರೆಯುವುದು, ಮಂಜೂರು ಮಾಡಿಸುವುದು. ಹಬ್ಬದ ಶುಭಾಶಯ, ರಿಯಾಯಿತಿ, ಧನ್ಯವಾದ. ಒಲೆ ಕೆಟ್ಟಿದೆ ಎನ್ನುವ ವಾಕ್ಯ ಬೇಕಾದೀತೆಂದು ಯಾರಿಗೆ ಹೊಳೆದಿತ್ತು?

ನಿನ್ನೆ ತಾಜಸುಲ್ತಾನಪುರದ ಒಂದು ಅಡುಗೆಮನೆ ಭಗ್ ಎಂದಿತ್ತು. ಪುಣ್ಯಕ್ಕೆ ಕಿಟಕಿಯ ಪರದೆ ಸುಟ್ಟದ್ದಷ್ಟೇ. ಹೊಸದಾಗಿ ತರಿಸಿದ ಒಲೆಗಳಲ್ಲಿ ಗುಂಡಿ ಬಂದ್ ಮಾಡಿದರೂ ಗ್ಯಾಸ್ ಸೋರುತ್ತದೆಂದು ಆಗಲೇ ಗೊತ್ತಾದದ್ದು.

“ಹೊಸಾ ವಾಕ್ಯ ಮಂಜೂರಾಗಾಕ ಎರಡು ಮೂರು ದಿವಸ ಬೇಕ್ರೀ,” ಎಂದ ಅತುಲ.

“ಇದ್ದದ್ದೇ ಕಳಸು,” ಎಂದರು ಮಾಲೀಕ ಶಿವಲಿಂಗಪ್ಪ.

“ಇರೋದು ಉಚಿತ ಸರ್ವಿಸಿಂದು. ಒಲಿ ತಗೊಂಡು ಅಂಗಡಿಗಿ ಬರ್ರಿ ಅಂತದ.”

“ಮತ್ತೇನು ಬೇಕೋ ಮಾರಾಯ? ಬರ್ತಾರ. ಸದ್ದಿಲ್ಲದಂಗ ಬದಲಿ ಮಾಡಿ ಕಳಸೋಣು.”

ಅದು ಸಲೀಸಾಗಿ ಹೋಯಿತು. ಬಿಟ್ಟಿ ಎಂದರೆ ಯಾರು ಬರುವುದಿಲ್ಲ? ಮಧ್ಯಾಹ್ನದೊಳಗೆ ಬಹುತೇಕ ಎಲ್ಲ ಒಲೆಗಳೂ ಬಂದವು. ಉಳಿದದ್ದು ಒಂದೇ, ಕಮಲಾಪುರದ ಶಿವಕಾಂತಮ್ಮನದು.

ಅತುಲ ಫೋನ್ ಮಾಡಿದ. “ನಮಸ್ಕಾರ, ಗೌರವಾನ್ವಿತ ಗ್ರಾಹಕರೇ...” ಎನ್ನುವಷ್ಟರಲ್ಲಿ ಆಕೆ ಕಟ್ ಮಾಡಿದಳು. ಮತ್ತೆ ಮಾಡಿದ. ಮತ್ತೆ ಅದೇ ಬಾಯಿಗೆ ಬಂತು. ಆಮೇಲೆ ಆಕೆ ಎತ್ತಲೇ ಇಲ್ಲ. ಥೂ, ಎಂದು ತನ್ನನ್ನೇ ಬೈದುಕೊಂಡ.

“ನೀನೇ ಹೋಗಿ ಬಾ,” ಎಂದರು ಶಿವಲಿಂಗಪ್ಪ. “ಒಲಿ ಕೆಟ್ಟದ ಅಂತ ಮಾತ್ರ ಬಾಯಿ ಬಿಡಬ್ಯಾಡ. ಹೆದರ್ತಾರ. ನಮ್ಮ ಹೆಸರೂ ಹೋಗ್ತದ.”

ಬಸ್ಸಿನಲ್ಲಿ, ಹೊಸ ಒಲೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಆಕೆಗೆ ಹೇಳಬೇಕಾದ ಮಾತು ಹುಡುಕಿದ. ‘ಸೋರುತ್ತದೆ’ ಎಂದರೆ ಗಾಬರಿ. ‘ಸಣ್ಣ ತೊಂದರೆ’ ಎಂದರೆ ಸುಳ್ಳು. ಎಲ್ಲವನ್ನೂ ತಾನೇ ತಿರಸ್ಕರಿಸಿದ. ಬೆಳಿಗ್ಗೆ ಹೆಂಡತಿ ಹರಿಪ್ರಿಯಾ, “ರಾತ್ರಿ ನಿದ್ದಿನೇ ಹತ್ತಿಲ್ಲ, ಯಾಕೋ ಅಳು ಬರ್ತದ,” ಎಂದಿದ್ದಳು. “ತಿಳಿಸಿದ್ದಕ್ಕ ಧನ್ಯವಾದ,” ಎಂದಿದ್ದ. ತಮಾಷೆಗೆ ಅಂದೆ ಎಂದುಕೊಂಡಿದ್ದ. ಅವಳು ನಕ್ಕಿರಲಿಲ್ಲ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಬಂಡಿಗಳನ್ನು ದಾಟಿ ಮನೆ ಕೇಳಿಕೊಂಡು ಹೋದ. ಬಾಗಿಲು ತೆರೆದ ಶಿವಕಾಂತಮ್ಮ ಬೆರಳನ್ನು ತುಟಿಯ ಮೇಲಿಟ್ಟಳು.

“ಸಣ್ಣಗ ಮಾತಾಡ್ರಿ. ಮಗಳು ಬಾಣಂತಿ, ಕೂಸು ಈಗ ಮಲಗ್ಯಾದ.”

ಬಾಣಂತಿಗೆ ಗಾಳಿ ಸೋಕಬಾರದೆಂದು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಅತುಲ ಅದನ್ನು ನೋಡಿದ. ಸೋರಿದ ಗ್ಯಾಸ್ ಹೊರಹೋಗಲು ದಾರಿಯೇ ಇರಲಿಲ್ಲ.

“ಅಂಗಡಿಯವ್ರೇನು? ನಿಮ್ಮ ಮೆಸೇಜ್ ದಿನಾ ಬರ್ತಾವಲ್ರೀ. ಓದೋದೇ ಬಿಟ್ಟೀನಿ,” ಎಂದಳು.

“ಒಲಿ ಬದಲಿ ಮಾಡಿ ಕೊಡ್ತೀವ್ರೀ.”

“ಯಾಕ? ಛಲೋ ಅದಲ್ಲ.”

“ಹೊಸಾ ಮಾಡೆಲ್ ಬಂದದ್ರೀ. ಉಚಿತ.”

“ಆಮ್ಯಾಲ ನೋಡೋಣು. ಬಿಸಿಲಾಗ ಬಂದೀರಿ, ಕೂಡ್ರಿ. ಚಾ ಮಾಡ್ತೀನಿ.”

“ಬ್ಯಾಡ್ರಿ.”

ಶಿವಕಾಂತಮ್ಮ ನಕ್ಕಳು. ಬಂದವರು ಬೇಡ ಎನ್ನುವುದು, ಮನೆಯವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಒಳಗೆ ಹೋಗುವುದು, ಎರಡೂ ಲೋಕರೂಢಿ.

“ಖರೇನ ಬ್ಯಾಡ್ರಿ, ಅಮ್ಮಾರ.”

“ಎಲ್ಲಾರೂ ಹಂಗೇ ಅಂತಾರ ಬಿಡ್ರಿ.”

ಆಕೆ ಒಳಗೆ ಹೋದಳು. ಪಾತ್ರೆಗೆ ನೀರು ಬಿದ್ದ ಸದ್ದಾಯಿತು. ಗ್ಯಾಸಿನ ವಾಸನೆ ಬರುತ್ತಿದೆಯೋ, ತನ್ನ ಭ್ರಮೆಯೋ ತಿಳಿಯಲಿಲ್ಲ. ಎದ್ದು ಓಡಬೇಕು, ಕೂಗಬೇಕು. ಅವನಿಗೆ ನಿಜವಾಗಿ ಭಯವಾಗಿತ್ತು. ಆದರೆ ಕೂಸು ಮಲಗಿದೆ, ಹೆದರಿಸಬೇಡ ಎಂದು ಮಾಲೀಕರು ಹೇಳಿದ್ದಾರೆ, ಹೇಗೆ ಶುರು ಮಾಡುವುದು?

“ಸಕ್ರಿ ಹೆಂಗ ಹಾಕ್ಲಿರೀ?” ಶಿವಕಾಂತಮ್ಮ ಒಳಗಿನಿಂದ ಮೆಲ್ಲಗೆ ಕೇಳಿದಳು.

ಅತುಲ ಗಂಟಲು ಸರಿಮಾಡಿಕೊಂಡ.

“ಸ್ವಲ್ಪ ಕಡಿಮಿ ಇರ್ಲಿರೀ,” ಎಂದ.

ಒಳಗೆ ಲೈಟರ್ ಟಕ್ ಎಂದಿತು. ಹತ್ತಲಿಲ್ಲ. ಮತ್ತೆ ಟಕ್ ಎಂದಿತು.