ಸಗ್ವಾರೊ ಹೂ ಬಿಟ್ಟಾಗ

ಎರಡೂ ಕಣ್ಣಿನ ನಡುಭಾಗ ಮಂಕಾಗುತ್ತ ಬಂದು, ಎದುರಿಗೆ ನಿಂತವರ ಮುಖ ಅಳಿಸಿಹೋದಂತೆ ಕಾಣತೊಡಗಿದಾಗ ಎವುಲಾಲಿಯಾ ಗಟ್ಟಿ ಮನಸ್ಸು ಮಾಡಿದಳು. ಈ ಮೇ ತಿಂಗಳಲ್ಲಿ ಸಗ್ವಾರೊ ಕಳ್ಳಿಯ ಹೂವನ್ನು ಹತ್ತಿರದಿಂದ ನೋಡಲೇಬೇಕು. ಮರುಭೂಮಿಯ ಊರು ಟೂಸಾನ್‌ನಲ್ಲೇ ಹುಟ್ಟಿ ಮುದುಕಿಯಾದವಳು, ಆ ಹೂವನ್ನು ಕಂಡದ್ದೆಲ್ಲ ಬಸ್ಸಿನ ಕಿಟಕಿಯಿಂದ, ನಾಲ್ಕಾಳೆತ್ತರದ ತುದಿಯಲ್ಲಿ.

ರಾತ್ರಿ ಅರಳುವ ಹೂವು ಮಾರನೆಯ ಮಧ್ಯಾಹ್ನಕ್ಕೆಲ್ಲ ಮುದುಡುತ್ತದೆ. ಹಾಗಾಗಿ ಬೆಳಕು ಹರಿಯುತ್ತಲೇ ನಾದಿನಿ ಚಾಬೆಲಾಳಿಂದ ಕಾರು ತೆಗೆಸಿದಳು. ಗುಡ್ಡದಾಚೆ ಒಂದು ಸಗ್ವಾರೊ ಇತ್ತು. ಹೆಪ್ಪುಗಟ್ಟಿಸುವ ಚಳಿ ಬಿದ್ದ ಯಾವುದೋ ವರ್ಷ ಅದರ ತೋಳಿನಂಥ ಕೊಂಬೆಯೊಂದು ಜೋತುಬಿದ್ದು ಎದೆಮಟ್ಟಕ್ಕೆ ಇಳಿದಿದೆಯೆಂದು ಅರಣ್ಯ ಕಾಯುವವಳು ಹೇಳಿದ್ದಳು.

ಎವುಲಾಲಿಯಾ ಕೋಲೂರುತ್ತ ಏರು ಹತ್ತಿದಳು. ಹಿಂದೆ ಬರುತ್ತಿದ್ದ ಚಾಬೆಲಾಳ ಗೊಣಗಾಟ ನಿಲ್ಲಲೇ ಇಲ್ಲ. ಕೆಳಗೆ ನೆರಳಲ್ಲಿ ಕೂತು ಬುರ್ರಿಟೊ ರೊಟ್ಟಿ ತಿಂದು, ಫೋನಿನಲ್ಲಿ ಹೂವಿನ ಚಿತ್ರ ನೋಡಿಕೊಂಡು ಹೋಗಬಹುದಿತ್ತು ಎಂಬುದೇ ಅವಳ ರಾಗ.

ಅರ್ಧ ದಾರಿಯಲ್ಲಿ ಗಿಲಗಿಲ ಸದ್ದಾಯಿತು. ಇಬ್ಬರೂ ಗಕ್ಕನೆ ನಿಂತರು. ಗಿಲಕಿ ಹಾವೊಂದು ಕಾಲುದಾರಿಯ ನಡುವೆ ಸುರುಳಿ ಸುತ್ತಿ, ಬಾಲವೆತ್ತಿ ಕೂತಿತ್ತು. ಹಾಗೇ ಹಿಂದೆ ಹಿಂದೆ ಸರಿದರು.

"ಅತ್ತಿಗೆ, ಹಾವೇ ಬೇಡ ಅಂತಿದೆ. ನಡೀರಿ, ವಾಪಸ್ ಹೋಗೋಣ."

"ಅದು ಹೇಳ್ತಿರೋದು ನಿನಗೆ ಕಣೇ. ನಾನು ಇಲ್ಲೇ ಕೂತಿರ್ತೀನಿ. ಬಿಸಿಲೇರಿದ್ರೆ ಅದಕ್ಕೂ ನೆರಳು ಬೇಕು."

ಬಂಡೆಯೊಂದನ್ನು ಕೋಲಿನಿಂದ ತಟ್ಟಿ ನೋಡಿ ಕೂತೇಬಿಟ್ಟಳು. ಬಿಟ್ಟು ಹೋಗಲು ಮನಸ್ಸಾಗದೆ ಚಾಬೆಲಾಳೂ ಕೂತಳು. ಸುಮ್ಮನಿರಲಾರದೆ, ಕಂಡದ್ದನ್ನೆಲ್ಲ ಅತ್ತಿಗೆಗೆ ಹೇಳತೊಡಗಿದಳು: ಕಳ್ಳಿಯ ಪೊಟರೆಯಿಂದ ಇಣುಕಿದ ಮರಕುಟಿಗ, ಮರಿಗಳ ಸಾಲು ಕಟ್ಟಿಕೊಂಡು ಓಡಿದ ಲಾವಕ್ಕಿ. ಹೇಳುತ್ತ ಹೇಳುತ್ತ ಅವಳ ದನಿಯಲ್ಲಿನ ಸಿಡುಕು ಕರಗಿತು. ಕೊನೆಗೂ ಹಾವು ಸುರುಳಿ ಬಿಚ್ಚಿ, ದೂರದ ಪೊದೆಯೊಂದರಡಿ ಹರಿದುಹೋಯಿತು. ಈ ಸಲ ಮೊದಲು ಎದ್ದವಳು ಚಾಬೆಲಾ. ಅತ್ತಿಗೆಯ ಕೈ ಹಿಡಿದು, ಪೊದೆಯನ್ನು ಬಳಸಿ ಮುಂದೆ ನಡೆಸಿದಳು.

ಹೂವಿಗಿಂತ ಮೊದಲು ಪರಿಮಳ ಸಿಕ್ಕಿತು, ಕಳಿತ ಕರಬೂಜದ ಹಾಗೆ. ಎವುಲಾಲಿಯಾ ನೆಟ್ಟಗೆ ನೋಡಿದಳು. ಬೂದು ಮಚ್ಚೆಯೊಂದೇ ಕಂಡಿತು. ಆದರೂ ಬಿಡಲಿಲ್ಲ. ಮುಖವನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದಳು, ಇನ್ನಷ್ಟು ಹೊರಳಿಸಿದಳು. ಕಣ್ಣಂಚಿನಲ್ಲಿ ಮೇಣದಂಥ ಬಿಳಿ ಎಸಳುಗಳು ಮೂಡಿದವು. ನಡುವೆ ಜೇನೊಂದು ಪರಾಗದಲ್ಲಿ ಹೊರಳಾಡುತ್ತಿತ್ತು.

"ಕಾಣ್ತಾ ಅತ್ತಿಗೆ?"

"ಕಾಣ್ತು. ಸ್ವಲ್ಪ ಸುಮ್ಮನಿರು."

ಎಸಳಿನಂಚು ಬಾಡತೊಡಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಇಳಿಯುವಾಗ, ಮುಂದಿನ ತಿಂಗಳು ಇದೇ ತೋಳಿನಲ್ಲಿ ಹಣ್ಣು ಕೆಂಪಾಗುತ್ತದೆ ಎಂದಳು. ಹಾಗಾದರೆ ತನಗೆ ಹಾವಿನ ಹಲ್ಲು ತಾಗದಂಥ ಮೊಣಕಾಲುದ್ದದ ಬೂಟು ಕೊಡಿಸಬೇಕು ಎಂದಳು ಚಾಬೆಲಾ.