ಹಣ್ಣಿನ ವಾಸನೆ

“ಬಾಯ್ ತಗೀರಿ,” ಎಂದಳು ಪುಟ್ಟಬಸಮ್ಮ.

ಗಂಡ ಗಂಗಾಧರಸ್ವಾಮಿ ಬೇಗೂರಿನ ಸಂತೆ ಮುಗಿಸಿ ಆಗತಾನೇ ತೆರಕಣಾಂಬಿಗೆ ಬಂದು, ಜವಳಿ ಗಂಟನ್ನು ಜಗಲಿಯ ಮೇಲೆ ಇಳಿಸಿದ್ದ. ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಈ ತಪಾಸಣೆ. ಅವನು ಕಣ್ಣು ಮುಚ್ಚಿ ಬಾಯಿ ತೆರೆದ. ಅವಳು ಹತ್ತಿರ ಬಂದು ಮೂಸಿ, ಮೂಗಿಗೆ ಸೆರಗು ಅಡ್ಡ ಹಿಡಿದು ಹಿಂದಕ್ಕೆ ಸರಿದಳು. ಅದೇ ವಾಸನೆ, ಕಳಿತು ಕೊಳೆಯಲಾದ ಬಾಳೆಹಣ್ಣಿನದು.

“ಯಾರ್ ಮನೇಲಿ ತಿಂದ್ರಿ?”

“ಏನೂ ತಿನ್ನಲಿಲ್ಲ ಕಣಮ್ಮಿ. ನೀರ್ ಕುಡ್ದೆ ಅಷ್ಟೆ.”

“ನೀರು ಕುಡುದ್ರ ಬಾಳೆಣ್ಣಿನ ವಾಸ್ನ ಬಂದದಾ?”

ಅವನು ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. “ಈ ಲಿಂಗದಾಣೆ. ಬೆಳಿಗ್ಗೆ ನೀ ಇಕ್ಕಿದ ಅರ್ಧ ಮುದ್ದ ಬುಟ್ರ ಒಂದಗುಳೂ ಒಳಕ್ಕೋಗಿಲ್ಲ.”

ಪುಟ್ಟಬಸಮ್ಮನಿಗೆ ಮೈಯೆಲ್ಲ ಅಸಹ್ಯ ಹರಿದಾಡಿತು. ಹೊಟ್ಟೆಬಾಕನೊಡನೆ ಇಪ್ಪತ್ತು ವರ್ಷ ಬಾಳಿದ್ದಳು, ಇನ್ನಿಪ್ಪತ್ತು ಬಾಳಿಯಾಳು. ಲಿಂಗ ಹಿಡಿದು ಸುಳ್ಳಾಡುವ ಬಾಯಿಗೆ ಕೈಯಾರೆ ಉಣ್ಣಲಿಕ್ಕುವುದು ಹೇಗೆ?

ಅವಳ ಅನುಮಾನವೇನೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಗಂಗಾಧರಸ್ವಾಮಿಯ ಹೊಟ್ಟೆ ಸುತ್ತ ಹತ್ತೂರಿನ ಮದುವೆ ಮನೆಗಳಿಗೆಲ್ಲ ಗೊತ್ತು. ಪಂಕ್ತಿಯಲ್ಲಿ ಕೂತನೆಂದರೆ ಬಡಿಸುವವರು ಒಬ್ಬಟ್ಟಿನ ಮಂಕರಿಯನ್ನು ಅವನ ಪಕ್ಕದಲ್ಲೇ ಇಟ್ಟು ಹೋಗುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಗುಂಡ್ಲುಪೇಟೆಯಲ್ಲಿ ಶಾಪಿಟ್ಟಿದ್ದ ಡಾಕ್ಟರೊಬ್ಬರು ಅವನ ಮೂತ್ರ ಕಾಯಿಸಿ ನೋಡಿ, ಬೊಜ್ಜನ್ನೂ ನೋಡಿ, “ಉಂಡುಂಡು ತಂದ್ಕೊಂಡ ಸಕ್ಕರೆ ಕಾಯಿಲೆ” ಎಂದು ನಕ್ಕಿದ್ದರು. ಹೊಸದಾಗಿ ಬಂದಿದ್ದ ಮಾತ್ರೆ ಬರೆದುಕೊಟ್ಟು ಅನ್ನ, ಬೆಲ್ಲ, ಹಣ್ಣು ಬಿಡಿಸಿದರು. ತಿಂಗಳು ಕಳೆಯುವುದರೊಳಗೆ ಅವನ ಗಂಟಿನಲ್ಲಿ, ಮಾರುವ ಸೀರೆಯ ಮಡಿಕೆಯೊಳಗೆ, ನಾಲ್ಕು ಒಬ್ಬಟ್ಟು ಸಿಕ್ಕಿಬಿದ್ದವು. ಸೀರೆಗೆಲ್ಲ ತುಪ್ಪ. ಇನ್ನು ಮುಟ್ಟುವುದಿಲ್ಲವೆಂದು ಅವನು ಕೆನ್ನೆ ಬಡಿದುಕೊಂಡ. ಅಂದಿನಿಂದ ಅವನ ಬಾಯಿ ಮೂಸುವ ಕೆಲಸ ಅವಳ ಪಾಲಿಗೆ ಬಂತು.

ಆಮೇಲೆ ಎಲ್ಲ ಸರಿಯಾಗಿಯೇ ಇತ್ತು. ಈಗ ಹದಿನೈದು ದಿನದಿಂದ ಇದ್ದಕ್ಕಿದ್ದಂತೆ ಕೆಟ್ಟಿತು. ಕೊಡದ ನೀರು ಸಂಜೆಯೊಳಗೆ ಖಾಲಿ. ಪಂಚೆ ಸೊಂಟದಲ್ಲಿ ನಿಲ್ಲದು. ಬಚ್ಚಲ ಮೂಲೆಯಲ್ಲಿ ಅವನು ಉಚ್ಚೆಗೆ ಕೂತೆದ್ದ ಕಡೆ ಇರುವೆ ಮುತ್ತಿ ಕಪ್ಪಾಗಿರುತ್ತಿತ್ತು. ಅದನ್ನು ತೊಳೆಯುವಾಗಲೆಲ್ಲ ಅವಳಿಗೆ ಓಕರಿಕೆ ಬರುತ್ತಿತ್ತು. ಒಬ್ಬಳೇ ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ದೂರು ಹೇಳಿದಳು. “ಕದ್ದು ತಿಂತಾವ್ರೆ ಕಣಮ್ಮ, ಇನ್ನೂ ಬಿಗಿ ಮಾಡು,” ಎಂದು ಅವರು ಮಾತ್ರೆ ಹೆಚ್ಚಿಸಿದರು. ಅವಳು ಒಂದು ಮುದ್ದೆಯನ್ನು ಅರ್ಧಕ್ಕಿಳಿಸಿದಳು. ಇಳಿಸಿದಾಗ ಒಳಗೊಳಗೇ ಒಂದಿಷ್ಟು ಖುಷಿಯೂ ಆಗಿತ್ತು, ಸುಳ್ಳೇಕೆ.

ಸಂತೆಯ ಮರುದಿನ ಬೆಳಿಗ್ಗೆ ಅವನು ಹಿತ್ತಿಲಲ್ಲಿ ಕೂತು ವಾಂತಿ ಮಾಡಿಕೊಂಡ. “ತಿಂದದ್ದು ಈಗ ಈಚ್ಗ ಬತ್ತಾ ಅದ, ಬರ್ಲಿ,” ಎಂದು ಅವಳು ಬಾಗಿಲಲ್ಲೇ ನಿಂತಳು. ಅವನು ಗೋಡೆ ಹಿಡಿದು ಒಳಗೆ ಹೋದ ಮೇಲೆ ಕಡ್ಡಿಯೊಂದನ್ನು ತಂದು ಕುಕ್ಕರಗಾಲಲ್ಲಿ ಕೂತು ಆ ವಾಂತಿಯನ್ನು ಕೆದಕಿದಳು. ಒಬ್ಬಟ್ಟಿನ ಹೂರಣ, ಹಣ್ಣಿನ ಚೂರು, ಏನಾದರೊಂದು ಸಿಗಬೇಕಿತ್ತು. ಹಳದಿ ನೀರಲ್ಲದೆ ಏನೂ ಇರಲಿಲ್ಲ. ಆಗಲೇ ಕರಗಿಹೋಗಿರಬೇಕು ಎಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅವನು ತಿದಿಯೊತ್ತಿದ ಹಾಗೆ ಉಸಿರೆಳೆಯುತ್ತಿದ್ದ. ಕೂಗಿದರೆ ಓಗೊಡಲಿಲ್ಲ. ಎದುರು ಮನೆಯ ಶಿವಮಲ್ಲಪ್ಪ ಅವನನ್ನು ಹೊತ್ತು ರಸ್ತೆಗೆ ತಂದ. ಮೊದಲು ಬಂದ ಬಸ್ಸು ಚಾಮರಾಜನಗರದ್ದು. ಅದಕ್ಕೇ ಹತ್ತಿಸಿದರು.

ಅಲ್ಲಿನ ಆಸ್ಪತ್ರೆಯ ಡಾಕ್ಟರು ವಯಸ್ಸಾದವರು. ಮಂಚದ ಮೇಲೆ ಬಗ್ಗಿ ರೋಗಿಯ ಬಾಯಿಯ ಹತ್ತಿರ ಮೂಗು ಒಯ್ದರು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಮೂತ್ರ ಕಾಯಿಸಿದ ಗಾಜಿನ ಕೊಳವೆಯಲ್ಲಿ ನೀಲಿ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಸಕ್ಕರೆ ಅಷ್ಟಿತ್ತು. ಅವಸರವಸರವಾಗಿ ಇಂಜೆಕ್ಷನ್ ಕೊಟ್ಟು, ಸೂಜಿ ಚುಚ್ಚಿ ಬಾಟಲಿಯ ನೀರು ಹತ್ತಿಸಿದ ಮೇಲೆ ಅವಳು ಹಿಂದಿದ್ದಾಳೆಂಬುದು ಅವರ ಗಮನಕ್ಕೆ ಬಂತು.

“ಕದ್ದು ಅಣ್ಣು ತಿಂದವ್ರೆ ಸ್ವಾಮಿ,” ಎಂದಳು ಅವಳು. “ವಾಸ್ನ ನೋಡಿದ್ರಲ್ಲ.”

“ಇದು ಹಣ್ಣು ತಿಂದ ವಾಸನೆ ಅಲ್ಲ ತಾಯಿ. ತಿಂದದ್ದು ಮೈಗೆ ಹತ್ತದೆ, ಮೈ ತನ್ನ ಕೊಬ್ಬನ್ನೇ ಕರಗಿಸಿಕೊಂಡು ಉರಿಯುವಾಗ ಹೀಗೆ ಬರ್ತದೆ. ಈ ಕಾಯಿಲೇಲಿ ಎರಡು ಥರ ಇದೆ. ಮಾತ್ರೆ ನಾಟೋದು ಒಂದಕ್ಕೆ. ಇವರದು ಇನ್ನೊಂದು. ಮೊದಲಿಂದಲೇ ಇಂಜೆಕ್ಷನ್ ಬೇಕಿತ್ತು, ಹೊಟ್ಟೆಗೂ ಬೇಕಿತ್ತು. ದಿನಕ್ಕೆ ಏನು ಕೊಡ್ತಿದ್ರಿ?”

“ಮುದ್ದ ಸ್ವಾಮಿ,” ಎಂದಳು ಅವಳು, ಅರ್ಧ ಎಂಬುದನ್ನು ನುಂಗಿಕೊಂಡು. ಡಾಕ್ಟರು ಇವತ್ತು ರಾತ್ರಿ ದಾಟಿದರೆ ಉಳಿಯುತ್ತಾರೆ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಅವನು ದಾಟಿದ. ಮೂರನೆಯ ದಿನ ಗಂಜಿ ಕುಡಿದ. ಮಧ್ಯಾಹ್ನ ಅವನ ಅಣ್ಣ ಚಿಕ್ಕಮಲ್ಲಪ್ಪ ಹರವೆಯಿಂದ ಬಂದು, ವಾರ್ಡಿನ ಬಾಗಿಲಲ್ಲಿ ನಿಂತೇ ಎಲ್ಲರಿಗೂ ಕೇಳುವಂತೆ, “ಎಲ್ಲಿ ಮೇದಿದ್ದವ್ವ ಈ ಸಲ?” ಎಂದ.

ಅಕ್ಕಪಕ್ಕದ ಮಂಚದವರು ತಿರುಗಿ ನೋಡಿದರು. ಪುಟ್ಟಬಸಮ್ಮ ಬಾಯಿ ತೆರೆದಳು. ಇಲ್ಲ ಬಾವ, ಅವರು ಏನೂ ತಿಂದಿರಲಿಲ್ಲ ಎಂದರೆ ಸಾಕಿತ್ತು. ಹಾಗೆ ಹೇಳಿಬಿಟ್ಟರೆ ಅರ್ಧ ಮುದ್ದೆಯ ವಿಷಯವೂ ಕಡ್ಡಿಯ ವಿಷಯವೂ ಹಿಂದೆಯೇ ಬರುತ್ತಿದ್ದವು.

“ಎಲ್ಲೋ...” ಎಂದಳು.

“ನಂಜಯ್ಯನ ಮಗಳ ಮದುವೇಲಿ ಕಣಣ್ಣ,” ಎಂದ ಗಂಗಾಧರಸ್ವಾಮಿ ಮಲಗಿದ್ದಲ್ಲಿಂದಲೇ. ಸ್ವರ ಇನ್ನೂ ಗಟ್ಟಿಯಾಗಿರಲಿಲ್ಲ. “ಆರೊಬ್ಬಟ್ಟು ತಿಂದ್ಬುಟ್ಟೆ.”

“ನಾಚ್ಕ ಆಗಲ್ವಲಾ ನಿಂಗ? ಈ ಎಣ್ಮಗಳಿರೊ ಒತ್ಗ ಉಳ್ಕಂಡೆ. ಇವಳ ಕಾಲ್ ತೊಳ್ದು ಆ ನೀರ್ ಕುಡುದ್ರೂ ಸಾಲ್ದು ಕಣ್ಲಾ.”

“ಊ ಕಣಣ್ಣ,” ಎಂದ ಅವನು. ಹೆಂಡತಿಯ ಕಡೆ ನೋಡಲಿಲ್ಲ.

ಅವಳು ಎದ್ದು ಅಂಗಳದ ಕೊಳಾಯಿಗೆ ಹೋದಳು. ಬೊಗಸೆಯಲ್ಲಿ ನೀರು ಹಿಡಿದು, ‘ಎಲ್ಲೋ’ ಎಂದಿದ್ದ ಬಾಯಿ ಮುಕ್ಕಳಿಸಿ ಉಗುಳಿದಳು. ಮತ್ತೆ ಹಿಡಿದಳು, ಮತ್ತೆ ಉಗುಳಿದಳು. ಹಿಂದೆ ಚೊಂಬು ಹಿಡಿದು ಕಾಯುತ್ತಿದ್ದ ಹೆಂಗಸೊಬ್ಬಳು, “ಇನ್ನೂ ಆಗ್ನಿಲ್ವ ಕಣಕ್ಕ?” ಎಂದಳು.

ಪುಟ್ಟಬಸಮ್ಮ ಇನ್ನೊಂದು ಬೊಗಸೆ ಒಡ್ಡಿದಳು.