ಗಾಣದೆಣ್ಣೆಯ ಕೈ

ಕೈ ತೊಳೆದು, ಮೂಸಿ ನೋಡಿ, ಮಹಾಂತಮ್ಮ ಮತ್ತೆ ಸೀಗೆಪುಡಿಯ ಡಬ್ಬಿ ತೆಗೆದರು. ಎಣ್ಣೆಯ ವಾಸನೆ ಹೋಗಲೊಲ್ಲದು. ಬಚ್ಚಲ ಬಾಗಿಲಲ್ಲಿ ಮೊಮ್ಮಗಳು ಅಮೂಲ್ಯ ಬರೀ ಚಡ್ಡಿಯಲ್ಲಿ ನಿಂತು ರಾಗ ಎಳೆಯುತ್ತಿದ್ದಳು.

"ಜೇಜಿ, ನೀರು ಆರಾಕತ್ತಾವು."

"ನಿಮ್ಮವ್ವನ್ನ ಕರಿ. ಆಕಿ ಎರೀತಾಳ."

"ಅವ್ವ ತಲಿ ಗಟ್ಟಿ ತಿಕ್ತಾಳ. ನೀನ ಎರಿ."

ಹೋದ ಭಾನುವಾರದವರೆಗೆ ಈ ಮಾತೇ ಬೇಕಿರಲಿಲ್ಲ. ಮೊಮ್ಮಗಳ ಎಣ್ಣೆನೀರು ಎಂದರೆ ಅಲ್ಲಿ ಮಹಾಂತಮ್ಮನದೇ ದರ್ಬಾರು. ದೇವನಕೊಂಡದ ತಮ್ಮ ಹೊಲದ ಶೇಂಗಾ, ಗಾಣದಲ್ಲಿ ಆಡಿಸಿದ ಎಣ್ಣೆ. ಅಮೂಲ್ಯ ಹುಟ್ಟಿದ ವರ್ಷ ಮೈಯೆಲ್ಲ ಒಣಗಿ, ಮೊಣಕೈ ಮಡಿಕೆಯಲ್ಲಿ ಚರ್ಮ ಬಿರಿದು ಕೆಂಪಾಗಿತ್ತು. ಕೂಸು ಕೆರೆದುಕೊಂಡು ಅಳುವುದನ್ನು ನೋಡಲಾರದೆ ಮಹಾಂತಮ್ಮ ದಿನಾ ಆ ಬಿರುಕುಗಳಿಗೇ ಒಂದಿಷ್ಟು ಹೆಚ್ಚು ಎಣ್ಣೆ ಸವರಿದ್ದರು. ತಿನ್ನಲು ಮಾತ್ರ ಶೇಂಗಾ ಕೊಟ್ಟಿರಲಿಲ್ಲ, ಸಣ್ಣ ಕೂಸಿಗೆ ಪಿತ್ತ ಎಂದು. ಮುಂದೆ ಶೇಂಗಾ ಚಟ್ನಿಪುಡಿ ತುಟಿಗೆ ತಾಗಿದರೆ ಹುಡುಗಿ ಉಗುಳುತ್ತಿದ್ದಳು. ಖಾರ ತಡೆಯಲೊಲ್ಲಳೆಂದು ಮನೆಯವರೆಲ್ಲ ನಗುತ್ತಿದ್ದರು.

ಹೋದ ವಾರ ಪಕ್ಕದ ಮನೆಯವರು ಕೊಟ್ಟ ಶೇಂಗಾ ಉಂಡೆ ಕಚ್ಚಿದ್ದೇ ತಡ, ಅಮೂಲ್ಯಳ ತುಟಿ, ಕೆನ್ನೆ, ಕಣ್ಣು ಊದಿಕೊಂಡು ಉಸಿರು ಸಿಕ್ಕಿಕೊಂಡಿತು. ಊರಲ್ಲೇ ಸೂಜಿ ಹಾಕಿಸಿ, ಆದೋನಿಯ ಮಕ್ಕಳ ಡಾಕ್ಟರಮ್ಮನ ಹತ್ತಿರ ಓಡಿದರು.

"ಭಯಪಡಕಂಡಿ ಅಮ್ಮಾ, ಹೆದರಬ್ಯಾಡ್ರಿ," ಎಂದ ಡಾಕ್ಟರಮ್ಮ ಎಣ್ಣೆಯ ಸಂಗತಿ ಕೇಳಿ ತಿಳಿದುಕೊಂಡು, ಬಿಡಿಸಿ ಹೇಳಿದರು. "ನಮ್ಮ ಮೈಯಾಗ ಕಾವಲು ಕಾಯೋ ಕಣಗಳು ಅದಾವ. ಬಾಯಿಂದ ಬಂದದ್ದನ್ನ ನೆಂಟ ಅಂತ ಬಿಡ್ತಾವ. ಅದ ಒಡೆದ ಚರ್ಮದಾಗಿಂದ ಬಂದ್ರ ಕಳ್ಳ ಅಂತಾವ. ಒಂದು ಕಣ ಇನ್ನೊಂದಕ್ಕ ಸುದ್ದಿ ಮುಟ್ಟಸ್ತೈತಿ. ಅದು ಕಳ್ಳನ ಗುರುತು ಹಿಡಿಯೋ ಪ್ರತಿಕಾಯ ಮಾಡಿ ಇಡ್ತೈತಿ. ಮುಂದ ಶೇಂಗಾ ಬಂದ್ರ ಸಾಕು, ಮೈಯೆಲ್ಲ ಗದ್ದಲ."

"ಅದು ಹಂಗ ಇರ್ತೈತೇನ್ರಿ?" ಸೊಸೆ ಹೇಮಾವತಿ ಕೇಳಿದಳು.

"ಸುಮ್ಮನಿರ್ರಪ್ಪಾ ಅಂತ ಸಮಾಧಾನ ಮಾಡೋ ಕಣಗಳೂ ಅದಾವ. ಕೆಲವು ಮಕ್ಕಳಿಗೆ ದೊಡ್ಡವರಾದಂಗ ಅವುಗಳ ಮಾತು ನಡೀತೈತಿ. ಅಲ್ಲಿತನಕ ಶೇಂಗಾ ಸೋಕಬಾರದು."

"ಹಂಗಾರ ಕಳ್ಳನ್ನ ಒಳಗ ಬಿಟ್ಟಾಕಿ ನಾನ?" ಮಹಾಂತಮ್ಮ ಕೇಳಿದರು.

"ಎಣ್ಣಿಯಿಂದ ಆಗಿರಬಹುದು. ಖಚಿತ ಹೇಳಾಕ ಯಾರಿಗೂ ಬರಂಗಿಲ್ಲಮ್ಮಾ."

ಮೊದಲ ಮಾತು ಎದೆಗೆ ನಾಟಿತು, ಎರಡನೆಯದು ಕಿವಿಗೆ ಬೀಳಲೇ ಇಲ್ಲ. ಅಂದಿನಿಂದ ಮನೆಯಲ್ಲಿ ಶೇಂಗಾ ಇಲ್ಲ. ಮಹಾಂತಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದೂ ಇಲ್ಲ. ಓಡಿಬಂದರೆ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುತ್ತಿದ್ದರು. ಕೂಸಿಲ್ಲದ ಮಡಿಲು ಅವರಿಗೆ ಭಾರವಾಗಿತ್ತು.

ಈಗ ಹೇಮಾವತಿ ಬಚ್ಚಲಿಗೆ ಬಂದಳು, ಕೈಯಲ್ಲಿ ಎಣ್ಣೆಯ ಬದಲಿಗೆ ಡಾಕ್ಟರಮ್ಮ ಬರೆದುಕೊಟ್ಟ ಮುಲಾಮು.

"ಅತ್ತೀ, ಏನ್ರೀ ಇದು? ತಿಕ್ಕಿ ತಿಕ್ಕಿ ಕೈ ಸುಲಕೊಂಡೀರಿ!"

"ಈ ಕೈ ಕೂಸಿಗೆ ಆಗಂಗಿಲ್ಲವ್ವಾ. ನೀನ ಎರಿ."

ಹೇಮಾವತಿ ಅತ್ತೆಯ ಅಂಗೈ ಹಿಡಿದು ಬಿಡಿಸಿದಳು. "ಈಕಿ ಕೆರಕೊಂಡು ಅಳುವಾಗ ನಾನು ನಿದ್ದಿಗಣ್ಣಾಗ ಬೈತಿದ್ದೆ. ತೊಡಿಮ್ಯಾಲ ಹಾಕ್ಕೊಂಡು ಬೆಳಗು ಮಾಡಿದ್ದು ಈ ಕೈ. ನನಗ ಗೊತ್ತಿಲ್ಲೇನ್ರಿ? ಎಣ್ಣಿ ಬದಲಾತು, ಅಷ್ಟ. ಕೈ ಯಾಕ ಬದಲಾಗಬೇಕು?"

ಬಿಳಿಯ ಮುಲಾಮನ್ನು ಆ ಅಂಗೈಗೆ ಹಿಂಡಿ, "ಮೈ ತೊಳದು ಒರಸಿದ ಮ್ಯಾಲ ಇದನ್ನ ಹಚ್ಚೋದು ಅಂದಾರ. ಇವತ್ತೊಮ್ಮೆ ಮೊದಲ ಹಚ್ಚಿ ನೋಡ್ರಿ, ಭಯ ಹೋಗಲಿ," ಎಂದು ಹೊರಗೆ ಹೋದಳು.

ಅಮೂಲ್ಯ ಆಗಲೇ ಮಣೆಯ ಮೇಲೆ ಬೆನ್ನು ಕೊಟ್ಟು ಕೂತಿದ್ದಳು. ಮಹಾಂತಮ್ಮ ಉಸಿರು ಹಿಡಿದು ಕೈಯಿಟ್ಟರು. ಬೆನ್ನು ಬೆಚ್ಚಗಿತ್ತು. ಕೆಂಪೇಳಲಿಲ್ಲ, ಊದಲಿಲ್ಲ. ಹುಡುಗಿ ತಿರುಗಿ ಆ ಕೈಯನ್ನೆಳೆದು ಮೂಸಿದಳು.

"ಜೇಜಿ, ನಿನ್ನ ಕೈಗೆ ವಾಸನೀನ ಇಲ್ಲ."

"ಇಲ್ಲವ್ವಾ. ಹೋತು."

ಹುಡುಗಿ ಆ ಕೈಯನ್ನು ಹೋದ ವಾರ ಊದಿಕೊಂಡಿದ್ದ ಕೆನ್ನೆಗೇ ಒತ್ತಿಕೊಂಡು ಕಣ್ಣು ಮುಚ್ಚಿದಳು. ಹಂಡೆಯ ನೀರು ಆರುತ್ತಿತ್ತು. ಮಹಾಂತಮ್ಮ ಕೈ ತೆಗೆಯಲಿಲ್ಲ.